ಕಲೆಯಿದ್ದ ಕಲ್ಲು

ಕೈಗವಸು ಗಾಜಿನ ಪೆಟ್ಟಿಗೆಗೇ ಅಂಟಿದ್ದು.
ಬೆಳಿಗ್ಗೆ ಏಳಕ್ಕೆ ತೋಳು ತೂರಿಸಿದರೆ
ಮಧ್ಯಾಹ್ನದವರೆಗೆ ನನ್ನ ಬೆರಳು ನನ್ನವಲ್ಲ.
ಬಿಳಿಯದು ಒಂದು ಕಡೆ, ಹಳದಿ ಒಂದು ಕಡೆ,
ಒಳಗೆ ಕಸ ಕಂಡದ್ದು ಕೊನೆಯ ತಟ್ಟೆಗೆ.
ಹನ್ನೊಂದು ವರ್ಷದಲ್ಲಿ ಒಂದೇ ಒಂದು ವಜ್ರವನ್ನೂ
ಬರಿಗೈಯಲ್ಲಿ ಮುಟ್ಟಿಲ್ಲ.
ತಣ್ಣಗಿರುತ್ತದಂತೆ.

ಹೊರಗೆ ಮಲೂಟಿ ಬೆಟ್ಟದ ಮೇಲೆ ಜುಲೈ ತಿಂಗಳ ಹಿಮ.
ಕುರಿ ಕಾಯುವ ಹುಡುಗರು
ಕಂಬಳಿಯೊಳಗಿಂದ ಬರೀ ಕಣ್ಣು.

ಆ ದಿನ ಬಂದವಳ ಹೆಸರು ಲಿಮಾಕಾತ್ಸೊ,
ನಮ್ಮ ಭಾಷೆಯಲ್ಲಿ ಹಾಗೆಂದರೆ ವಿಸ್ಮಯಗಳು.
ಜೊಹಾನ್ಸ್‌ಬರ್ಗಿನಲ್ಲಿ ಓದುತ್ತಾಳೆ, ಬೂಟಿಗೆ ಕೆಸರು.
ಕೇಳಿದ್ದು ಕೊನೆಯ ತಟ್ಟೆಯನ್ನು.
ಮೇಲ್ವಿಚಾರಕ ನಕ್ಕ:
ಅದು ಕೊರೆಯುವ ಯಂತ್ರದ ಹಲ್ಲಿಗೆ ಹೋಗೋ ಮಾಲು ತಾಯಿ.
ಅವಳೂ ನಕ್ಕಳು:
ತೊಳೆದು ಬೋರಲು ಹಾಕಿದ ಪಾತ್ರೆ
ಊಟದ ಸುದ್ದಿ ಹೇಳುತ್ತದೆಯೆ?

ಆಮೇಲೆ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.
ಸಾಸಿವೆಯ ನೂರನೇ ಪಾಲು, ಕಿತ್ತಳೆ ಬಣ್ಣ,
ಗಾರ್ನೆಟ್ಟಿನ ಒಂದು ಹುಡಿ.
ಆರುನೂರು ಕಿಲೋಮೀಟರ್ ಕೆಳಗಿನದು ಅಂದಳು.
ಮನುಷ್ಯರು ತೋಡಿದ್ದರಲ್ಲೆಲ್ಲ ಆಳದ ತೂತು ಹನ್ನೆರಡಂತೆ,
ಅದರಾಚೆಗೆ ನಮ್ಮದು ಬರೀ ಬಾಗಿಲು ತಟ್ಟಿ ಕೇಳುವ ಕೆಲಸ.
ಇದು ಮಾತ್ರ ಒಳಗಿಂದ ಬಂದದ್ದು,
ಅಲ್ಲಿಯ ಒತ್ತಡವನ್ನು ಇನ್ನೂ ಹಿಡಿದುಕೊಂಡೇ.
ನೋಡು, ಕಲ್ಲು ಮುಷ್ಟಿ ಬಿಚ್ಚಿಲ್ಲ.

ಮತ್ತೆ ಆ ನೀಲಿ ಚೂರು?
ಅದು ಬೋರಾನು. ಕಡಲಿನದಿರಬೇಕು.

ಕಡಲ ತಳ ಖಂಡದಡಿಗೆ ಜಾರುತ್ತದಂತೆ,
ವರ್ಷಕ್ಕೆ ಉಗುರು ಬೆಳೆದಷ್ಟು,
ತನ್ನ ನೀರನ್ನು ಕಲ್ಲಿನಲ್ಲಿ ಬುತ್ತಿ ಕಟ್ಟಿಕೊಂಡು.
ಎಲ್ಲೋ ಒಂದು ಕಡೆ ಬುತ್ತಿ ಬಿಚ್ಚುತ್ತದೆ.
ಅಲ್ಲಿ, ಆ ಕತ್ತಲಲ್ಲಿ, ಇದು.

ನಾನು ಕಡಲು ನೋಡಿದವಳಲ್ಲ.
ನಮ್ಮ ದೇಶಕ್ಕೆ ದಡವೇ ಇಲ್ಲ.
ಸುತ್ತಲೂ ಒಂದೇ ದೇಶ, ನಡುವೆ ನಾವು,
ಭೂಪಟದಲ್ಲಿ ದೊಡ್ಡ ಕಲ್ಲೊಳಗೆ ಸಿಕ್ಕ ಚುಕ್ಕೆ.

ಅಪ್ಪನಿಗೆ ಹೇಳಿದೆ.
ಅಪ್ಪ ವೆಲ್ಕಮ್ಮಿನ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ,
ಎರಡು ಕಿಲೋಮೀಟರ್ ಆಳ.
ಪರಿಹಾರ ಕೇಳಲು ಮಸೇರುವಿಗೆ ಹೋದಾಗ
ಕಂಪನಿಯ ಕಡತದಲ್ಲಿ ಹೆಸರಿರಲಿಲ್ಲ,
ಮೋತ್ಲತ್ಸಿ ಅನ್ನುವವ ಕೆಳಗೆ ಇಳಿದೇ ಇಲ್ಲ.
ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಎಂದು ತೋರಿಸಿದರು.
ಶ್ವಾಸಕೋಶದ ತುಂಬ ಬಿಳಿ ಚುಕ್ಕೆ.
ಕಡತದಲ್ಲಿ ಇಲ್ಲದ್ದು ಎದೆಯಲ್ಲಿತ್ತು.
ಅಪ್ಪ ಅವತ್ತು ಎಷ್ಟು ನಕ್ಕ ಅಂದರೆ
ಕೆಮ್ಮು ನಿಲ್ಲಿಸಲು ಇಬ್ಬರು ನರ್ಸುಗಳು ಬೇಕಾದರು.

ಈಗ ಅವನ ಪ್ರಶ್ನೆ ಒಂದೇ:
ಅಷ್ಟು ಕೆಳಗಿಂದ ಮೇಲೆ ಬಂದದ್ದು ಹೇಗೆ, ಯಾವ ಲಿಫ್ಟು?
ಲಿಫ್ಟಲ್ಲಪ್ಪ. ಮೊದಲು ಯಾವ ಯಾವ ಕಾಲವೋ ತೆವಳಿ,
ಕೊನೆಯ ದಾರಿ ಮಾತ್ರ ಜ್ವಾಲಾಮುಖಿಯ ಗಂಟಲಲ್ಲಿ, ಕೆಲವೇ ತಾಸು.
ಅಲ್ಲೂ ನಿಧಾನ ಮಾಡಿದ್ದರೆ ಪೆನ್ಸಿಲ್ಲಿನ ಕಡ್ಡಿಯಾಗುತ್ತಿತ್ತು.
ಅಪ್ಪ ತಲೆಯಾಡಿಸಿದ.
ನಮಗೂ ಪಾಳಿ ಮುಗಿದರೆ ಮೇಲೇರುವುದು ಕಿವಿ ಒಡೆಯುವಷ್ಟು ಬೇಗ.
ಇಳಿಯುವಾಗ ಮಾತ್ರ, ಮಗಳೇ, ತುಂಬ ನಿಧಾನ ಅನ್ನಿಸುತ್ತಿತ್ತು.
ಕೆಳಗೆ ಬಿಸಿಯಂತೇನು?
ಹೌದು.
ಹಾಗಾದರೆ ನಿನ್ನ ಕಲ್ಲು ಸುಳ್ಳು ಹೇಳಿಲ್ಲ.

ಪರಿಹಾರದ ದುಡ್ಡು ಇನ್ನೂ ಬಂದಿಲ್ಲ.
ಅಡಿಗೆಮನೆಯ ಒಡೆದ ಗಾಜಿಗೆ ಆ ಎಕ್ಸ್‌ರೇ ಹಾಳೆಯನ್ನೇ ಸಿಕ್ಕಿಸಿದ್ದೇವೆ,
ಬೆಳಗಿನ ಹಿಮದ ಬೆಳಕು ಅಪ್ಪನ ಪಕ್ಕೆಲುಬು ದಾಟಿ
ಗಂಜಿಯ ಪಾತ್ರೆಯ ಮೇಲೆ ಬೀಳುತ್ತದೆ.
ಲಿಮಾಕಾತ್ಸೊ ಹೊತ್ತೊಯ್ದ ಲಕೋಟೆಯ ಮೇಲೆ
ಒಂದು ನಂಬರು, ಸಾಕ್ಷಿಯಾಗಿ ನನ್ನ ಸಹಿ.

ಇವತ್ತು ಪೆಟ್ಟಿಗೆಯೊಳಗೆ ಒಂದು ದೊಡ್ಡದು ಸಿಕ್ಕಿತು.
ಹೆಬ್ಬೆರಳ ಗಾತ್ರ, ಊಟೆಯ ನೀರಿನಷ್ಟು ತಿಳಿ.
ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.
ನಾನು ಅದನ್ನು ದೀಪಕ್ಕೆ ಹಿಡಿದು
ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದೆ.
ಒಳಗೆ ಯಾರೂ ಇರಲಿಲ್ಲ.